ಮುಂದಕ್ಕೆ ಕಳಿಸಿದವರು ಯಾರು?

ಹಿಂದೆ ಊರಿಗೆ ಸುದ್ದಿ ತಿಳಿಸಬೇಕಾದರೆ ತಮಟೆ ಬಡಿದು ಸಾರುತ್ತಿದ್ದರು. ಸಾರಿದವರು ಯಾರು, ಯಾವ ಬೀದಿಗೆ ಹೋದರು ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಈಗ ಮೊಬೈಲಿನಲ್ಲಿ ನಾವೇ ಸಾರುತ್ತೇವೆ. ಆದರೆ ನಮ್ಮ ಮಾತನ್ನು ಮುಂದಕ್ಕೆ ಒಯ್ದವರು ಯಾರೆಂದು ತಿಳಿಯುವುದಿಲ್ಲ. ಅದನ್ನು ತಿಳಿಯಬೇಕೆಂದು ನನಗೆ ಅನಿಸಿದ್ದು ದೊಡ್ಡಪ್ಪ ಕಾಣೆಯಾದಾಗ.

ಹುಣಸೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಬೆಳಿಗ್ಗೆ ಹೊರಟವರು ಮಧ್ಯಾಹ್ನವಾದರೂ ಮನೆಗೆ ಬರಲಿಲ್ಲ. ಅವರಿಗೆ ಮರೆವಿನ ಕಾಯಿಲೆ. ಪೊಲೀಸರಿಗೆ ತಿಳಿಸಿದೆವು. ತಮ್ಮನ ಮಗ ಅವರ ಫೋಟೊ, ಹೆಸರು, ದೊಡ್ಡಮ್ಮನ ಮೊಬೈಲ್ ನಂಬರು ಸೇರಿಸಿ ಒಂದು ಚಿತ್ರ ಮಾಡಿದ. ಅದರ ಕೆಳಗೆ ದಿನ, ಹೊತ್ತು ಬರೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿದ. ರಾತ್ರಿ ಎಂಟಕ್ಕೆ ಎಚ್.ಡಿ. ಕೋಟೆಯಿಂದ ಫೋನು ಬಂತು. ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಯವರೊಬ್ಬರು, “ಯಜಮಾನ್ರು ಇಲ್ಲೇ ಅವ್ರೆ, ಬನ್ನು ತಿಂತಾ ಕೂತವ್ರೆ. ಗಾಬರಿಯಾಗ್ಬೇಡಿ” ಎಂದರು.

ಚಿತ್ರವನ್ನು ಅಷ್ಟು ದೂರ ಮುಟ್ಟಿಸಿದವರಿಗೆಲ್ಲ ಧನ್ಯವಾದ ಹೇಳೋಣವೆಂದು ಜಾಡು ಹಿಡಿದು ಹೊರಟೆ. ಟೀ ಅಂಗಡಿಯವರಿಗೆ ಕಳಿಸಿದ್ದು ಕೆ.ಆರ್. ನಗರದ ಲಾರಿ ಚಾಲಕರು. ಅವರಿಗೆ ಅದು ಸಿಕ್ಕಿದ್ದು ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರ ಗುಂಪಿನಲ್ಲಿ. ಆ ಗುಂಪಿಗೆ ಹಾಕಿದವರಿಗೆ ಮಾತ್ರ, ತಮಗೆ ಯಾರು ಕಳಿಸಿದ್ದೆಂಬುದು ನೆನಪಿರಲಿಲ್ಲ. ಜಾಡು ಅಲ್ಲಿಗೇ ಮುಗಿಯಿತು.

ಫೇಸ್‌ಬುಕ್ಕಿನಲ್ಲಾದರೆ ನಮ್ಮ ಪೋಸ್ಟಿನ ಕೆಳಗೆ ಎಷ್ಟು ಜನ ಹಂಚಿದ್ದಾರೆ ಎಂಬ ಸಂಖ್ಯೆ ಕಾಣುತ್ತದೆ. ಅದನ್ನು ಒತ್ತಿದರೆ ಕೆಲವರ ಹೆಸರೂ ಸಿಗುತ್ತದೆ. ತಮ್ಮ ಗೆಳೆಯರಿಗಷ್ಟೇ ಕಾಣುವಂತೆ ಹಂಚಿದವರ ಹೆಸರು ನಾವು ಆ ಗೆಳೆಯರಲ್ಲಿ ಒಬ್ಬರಲ್ಲದಿದ್ದರೆ ಸಿಗದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಮ್ಮ ಸಂದೇಶವನ್ನು ಯಾರು ಓದಿದರೆಂದು ನೋಡಬಹುದು, ಯಾರು ಬೇರೆಡೆಗೆ ಕಳಿಸಿದರೆಂದು ನೋಡಲಾಗದು. ಪಡೆದವರಿಗೂ ಸಿಗುವುದು ಒಂದು ಬಾಣದ ಗುರುತು ಮಾತ್ರ. ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದಿದ್ದರೆ ಜೋಡಿ ಬಾಣ. 2020ರ ಏಪ್ರಿಲ್‌ನಿಂದ ಜೋಡಿ ಬಾಣದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸಲು ಸಾಧ್ಯ. ಅದರಿಂದ ಓಟ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ದೊಡ್ಡಪ್ಪ ಮನೆಗೆ ಬಂದ ಮೇಲೂ ಆ ಚಿತ್ರ ಓಡುತ್ತಲೇ ಇತ್ತು. ಕೆಳಗೆ ಬರೆದಿದ್ದ ದಿನಾಂಕ ದಾರಿಯಲ್ಲೆಲ್ಲೋ ಉದುರಿಹೋಗಿ, ಬರೀ ಫೋಟೊ ಮತ್ತು ನಂಬರು ಉಳಿದಿದ್ದವು. ನಮ್ಮ ಗುಂಪುಗಳಿಂದ ಅಳಿಸಿದರೂ ಬೇರೆಯವರ ಮೊಬೈಲಿನಲ್ಲಿದ್ದ ಪ್ರತಿಗಳು ಅಳಿಯಲಿಲ್ಲ. ತಿಂಗಳಿಗೆ ಒಂದೆರಡು ಫೋನು ಬರುತ್ತಲೇ ಇದ್ದವು.

ಮರುವರ್ಷ ದೊಡ್ಡಪ್ಪ ತೀರಿಕೊಂಡರು. ಆಮೇಲೂ ಒಂದು ಸಂಜೆ ದೊಡ್ಡಮ್ಮನಿಗೆ ಯಾರೋ ಹುಡುಗ ಫೋನು ಮಾಡಿ, “ನಿಮ್ಮ ಯಜಮಾನ್ರು ನಮ್ಮೂರ ದೇವಸ್ಥಾನದ ಹತ್ರ ಕೂತವ್ರೆ” ಎಂದ. ದೊಡ್ಡಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವ್ರು ನಮ್ಮೋರಲ್ಲ ಕಣಪ್ಪ. ಆದ್ರೂ ಊಟಕ್ಕಿಕ್ಕು, ಪೊಲೀಸ್ನೋರಿಗೆ ಹೇಳು. ಅವ್ರ ಮನೇಲೂ ಯಾರಾದ್ರೂ ಕಾಯ್ತಿರ್ತಾರೆ” ಎಂದರು.

ಹುಡುಗನ ಮನಸ್ಸು ಒಳ್ಳೆಯದೇ. ಎಲ್ಲ ಕಡೆ ಹಾಗಿರುವುದಿಲ್ಲ. ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗೆಂದು ಮಾಡಿಸಿದ ವಿಡಿಯೊದಲ್ಲಿ, ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗಿ, ಮತ್ತೆ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಉಳಿದದ್ದು ಮಕ್ಕಳ ಕಳ್ಳರ ವಿಡಿಯೊ ಎಂದು ನಮ್ಮ ದೇಶದಲ್ಲೆಲ್ಲ ಹರಿದಾಡಿತು. ಅಂಥ ಗಾಳಿಸುದ್ದಿಗಳ ಭಯ ಹಬ್ಬಿದ್ದ 2018ರ ಜುಲೈನಲ್ಲಿ, ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಕಳ್ಳರೆಂದು ಜನ ಶಂಕಿಸಿದರು. ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತು. ಅಲ್ಲಿ ಗುಂಪಿನ ಹಲ್ಲೆಗೆ ಒಬ್ಬ ಯುವಕ ಪ್ರಾಣ ಕಳೆದುಕೊಂಡ.

ಕಳಿಸಿದ ಮೇಲೆ ಯಾರನ್ನೂ ಹಿಂಬಾಲಿಸಲಾಗದು. ಆದ್ದರಿಂದ ಹೇಳಬೇಕಾದ್ದೆಲ್ಲ ಚಿತ್ರದ ಜೊತೆಯಲ್ಲೇ ಹೋಗಬೇಕು. ನಮ್ಮ ಮನೆಯ ಹುಡುಗರು ಈಗ ದಿನಾಂಕ, ಊರು, ಠಾಣೆಯ ನಂಬರನ್ನು ಚಿತ್ರದೊಳಗೇ ದೊಡ್ಡದಾಗಿ ಬರೆಯುತ್ತಾರೆ. ಹುಡುಕಿದವರು ಸಿಕ್ಕ ಕೂಡಲೇ ಅದೇ ಚಿತ್ರದ ಮೇಲೆ ‘ಸಿಕ್ಕಿದ್ದಾರೆ’ ಎಂದು ಅಡ್ಡಲಾಗಿ ಬರೆದು, ಮೊದಲು ಕಳಿಸಿದ ಗುಂಪುಗಳಿಗೆಲ್ಲ ಮತ್ತೆ ಕಳಿಸುತ್ತಾರೆ. ಬೇರೆಯವರ ಪ್ರಕಟಣೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಅದರಲ್ಲಿರುವ ನಂಬರಿಗೆ ಫೋನು ಮಾಡಿ, “ಸಿಕ್ಕಿದ್ರಾ?” ಎಂದು ಕೇಳುತ್ತಾರೆ.