ಜೀಪಿನ ಬಕೆಟ್ ಸ್ನಾನ

ಜೀಪಿನ ಮೈಮೇಲಿನ ಧೂಳು ನೋಡಿ ಅದು ಯಾವ ತಾಲ್ಲೂಕು ಸುತ್ತಿ ಬಂತೆಂದು ಹೇಳುವುದು ನಮ್ಮ ರಾಮನಗರದ ಕಡೆ ಕಷ್ಟದ ಮಾತಲ್ಲ. ಮಾಗಡಿ ದಾರಿ ಹಿಡಿದಿದ್ದರೆ ಕೆಮ್ಮಣ್ಣು. ತಗಡಿನ ಮೇಲಿನದು ನೀರು ಬಿದ್ದ ಕೂಡಲೇ ಇಳಿದುಹೋಗುತ್ತದೆ. ಟಾಪಿನ ಹೊಲಿಗೆಯೊಳಗೆ ಹೊಕ್ಕಿದ್ದು ಮಾತ್ರ ಯುಗಾದಿ ಕಳೆದರೂ ಜಾಗ ಬಿಡುವುದಿಲ್ಲ. ಕನಕಪುರದ ಕಲ್ಲುಗಣಿಗಳ ಕಡೆಯಿಂದ ಬಂದಿದ್ದರೆ ಬೂದುಬಿಳುಪಿನ ಹುಡಿ. ಕೈಗೆ ನುಣ್ಣಗೆ ಹತ್ತುತ್ತದೆ, ಬಣ್ಣದ ಮೇಲೆ ಎಳೆದಿರೋ ಉಪ್ಪುಕಾಗದ. ಗ್ರಾನೈಟಿನೊಳಗಿನ ಬೆಣಚು ಚಾಕುವಿನ ಉಕ್ಕಿಗೇ ಗೀರು ಹಾಕುತ್ತದೆ, ಜೀಪಿನ ಬಣ್ಣ ಅದಕ್ಕೆ ಯಾವ ಲೆಕ್ಕ? ಚನ್ನಪಟ್ಟಣದಿಂದ ಬೊಂಬೆಯ ಮರ ಹೇರಿಕೊಂಡು ಬಂದ ದಿನ ಹಿಂದಿನ ಸೀಟಿನ ಸಂದುಗಳಲ್ಲೆಲ್ಲ ಆಲೆಮರದ ಹೊಟ್ಟು. ಊರೊಳಗೇ, ಗೂಡಿನ ಮಾರುಕಟ್ಟೆಗೆ ಹೋಗಿಬಂದರೆ ಟಾಪಿನ ಕಂಬಿಗೆ ರೇಷ್ಮೆಗೂಡಿನ ಬಿಳಿ ಎಳೆ ಸುತ್ತಿಕೊಂಡಿರುತ್ತದೆ. ಅದನ್ನು ಬೆರಳಿನಿಂದಲೇ ಬಿಡಿಸಬೇಕು.

ಇಷ್ಟೆಲ್ಲ ಕಾಣಬೇಕಾದರೆ ಜೀಪನ್ನು ಬಕೆಟ್ಟಿನಲ್ಲಿ ತೊಳೆಯಬೇಕು. ಪೈಪು ಹಿಡಿದು ನಿಂತವನಿಗೆ ನಾಲ್ಕೂ ತಾಲ್ಲೂಕು ಒಂದೇ ಕೆಸರು.

ನಮ್ಮದು ಅಪ್ಪನ ಕಾಲದ ಮಹೀಂದ್ರ ಜೀಪು. ಮೇಲೆ ಕ್ಯಾನ್ವಾಸ್ ಟಾಪು, ಹಿಂದೆ ಪ್ಲಾಸ್ಟಿಕ್ ಕಿಟಕಿ. ಸಿನಿಮಾದ ಹೀರೋಗಳು ತಲೆಗೂದಲು ಹಾರಿಸಿಕೊಂಡು ಓಡಿಸುವ ಟಾಪಿಲ್ಲದ ಕಾರಿಗೆ ನಮ್ಮ ಜಿಲ್ಲೆಯ ಉತ್ತರ ಇದೇ. ಈಗ ಭಾನುವಾರ ಬಂತೆಂದರೆ ‘ಶೋಲೆ’ಯ ಬಂಡೆ ನೋಡಲು ಬೆಂಗಳೂರಿನಿಂದ ಥಾರ್‌ಗಳು ರಾಮದೇವರ ಬೆಟ್ಟಕ್ಕೆ ಬರುತ್ತವೆ. ಅವುಗಳಲ್ಲೂ ಕೆಲವಕ್ಕೆ ಮಡಚುವ ಬಟ್ಟೆಯ ಟಾಪು. ವಯಸ್ಸು ಬೇರೆಯಾದರೂ ಬಟ್ಟೆಯ ಕಷ್ಟಸುಖ ಒಂದೇ.

ವಾಟರ್ ಸರ್ವೀಸಿಗೆ ಬಿಟ್ಟರೆ ಅರ್ಧ ಗಂಟೆಯ ಕೆಲಸ, ನಿಜ. ಆದರೆ ಆ ಗನ್ನಿನ ನೀರು ಲಾರಿಯ ಚಾಸಿಗೆ ಸರಿ, ಕ್ಯಾನ್ವಾಸಿಗಲ್ಲ. ಹೊಲಿಗೆಯ ತೂತಿಗೆ ನೇರ ಹೊಡೆದರೆ ದಾರ ಸಡಿಲವಾಗುತ್ತದೆ, ಆಮೇಲೆ ಆಷಾಢದ ಜಡಿಮಳೆಯಲ್ಲಿ ಡ್ರೈವರಿನ ತೊಡೆಯ ಮೇಲೇ ಹನಿ. ಮನೆಯಲ್ಲಿ ಪೈಪು ಹಿಡಿಯೋಣವೆಂದರೆ, ನಿಮಿಷಕ್ಕೆ ಹತ್ತೇ ಲೀಟರ್ ಅಂದುಕೊಂಡರೂ ಕಾಲು ಗಂಟೆಗೆ 150 ಲೀಟರ್. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಸಾರಿದಾಗ ನಮ್ಮೂರಿನವರು ನಕ್ಕಿದ್ದೇನೋ ಹೌದು. ನಮ್ಮ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆ ಹಾಕಿ 1930ರ ದಶಕದಿಂದಲೇ ನೀರು ಕುಡಿದ ಊರು ತಾನೇ ಅದು! ನಕ್ಕಷ್ಟೇ ಬೇಗ ನಮ್ಮ ಬೋರ್‌ವೆಲ್ ನೆನಪಾಗಿ ಬಾಯಿ ಮುಚ್ಚಿಕೊಂಡೆವು. ಹಿಂದೆ ಗಾಡಿಗಳನ್ನು ಕೆರೆಗೇ ಇಳಿಸುತ್ತಿದ್ದರು. ಈಗ ಬೈರಮಂಗಲದ ಕೆರೆಗೆ ಇಳಿಸಿದರೆ ಸೋಪಿನ ಖರ್ಚು ಉಳಿದೀತು, ರಾಜಧಾನಿಯ ನೊರೆ ಅಲ್ಲೇ ಸಿದ್ಧವಿದೆ.

ಹಾಗಾಗಿ ಬಕೆಟ್ಟು. ಬಿಸಿಲೇರುವ ಮುಂಚೆ, ಬಾನೆಟ್ಟು ತಣ್ಣಗಿರುವಾಗ, ಹೊಂಗೆಯ ನೆರಳಲ್ಲಿ. ಕಾದ ತಗಡಿನ ಮೇಲೆ ಸೋಪಿನ ನೀರು ಆರಿ ಕೂತರೆ ಕಲೆ. ಮೊದಲು ಒಣ ಟಾಪನ್ನು ಮೆತ್ತನೆಯ ಬ್ರಷ್ಷಿನಿಂದ ನೇಯ್ಗೆಯ ಜಾಡಿನಲ್ಲೇ ಗುಡಿಸಬೇಕು, ಎದುರು ಜಾಡಿನಲ್ಲಲ್ಲ. ಆಮೇಲೆ ಚೊಂಬಿನಿಂದ ನೀರು. ಎರಚುವುದಲ್ಲ, ಮೇಲಿನಿಂದ ಸಣ್ಣಗೆ ಇಳಿಬಿಡುವುದು. ಕೂಸಿಗೆ ತಲೆಗೆ ಹೊಯ್ಯುವ ಅಜ್ಜಿಯರಿಗೆ ಈ ಕೈ ತಾನಾಗಿ ಬರುತ್ತದೆ. ಧೂಳು ನೆನೆಯಲಿ ಎಂದು ಬಿಟ್ಟು ಕಾಫಿ ಕುಡಿದು ಬರಬಹುದು. ಈ ಬಿಡುವೇ ಅರ್ಧ ಕೆಲಸ ಮಾಡುತ್ತದೆ. ಚನ್ನಪಟ್ಟಣದ ಕಸುಬಿನವರು ತಿರುಗುವ ಮರಕ್ಕೆ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿ ಉಜ್ಜಿ ಹೊಳಪು ಎಬ್ಬಿಸುತ್ತಾರೆ. ಅದನ್ನು ನೋಡಿ ಬಂದವರು ಜೀಪಿಗೂ ಉಜ್ಜಿದರೆ ಕೆಟ್ಟರು. ಇಲ್ಲಿ ಉಜ್ಜಿದಷ್ಟೂ ಗೀರು.

ಬಕೆಟ್ಟು ಎರಡು ಬೇಕು. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರೀ ನೀರು. ಎರಡನೆಯದರ ತಳದಲ್ಲಿ ನಾನು ತೂತಿನ ಹಳೇ ಇಡ್ಲಿ ತಟ್ಟೆ ಕವುಚಿ ಇಡುತ್ತೇನೆ. ಬಟ್ಟೆ ಅದ್ದಿ ಅಲುಗಿಸಿದಾಗ ಮರಳು ತೂತಿನಿಂದ ಕೆಳಗಿಳಿದು ಅಲ್ಲೇ ಉಳಿಯುತ್ತದೆ, ಮತ್ತೆ ಬಟ್ಟೆಗೆ ಹತ್ತುವುದಿಲ್ಲ. ಕೊನೆಗೆ ತಟ್ಟೆ ಎತ್ತಿದರೆ ಬಕೆಟ್ಟಿನ ತಳದಲ್ಲಿ ಕನಕಪುರದ ಕಣಗಳು ಮಿಣಮಿಣ ಅನ್ನುತ್ತಿರುತ್ತವೆ. ಅಷ್ಟೂ ಬಾನೆಟ್ಟಿನ ಮೇಲೆ ಗೀರು ಎಳೆಯಬೇಕಾಗಿದ್ದವು.

ಬಟ್ಟೆ ಒಗೆಯುವ ಸೋಪಿನ ಪುಡಿ ಕೂಡದು. ನೀರು ಒಳಗಿಳಿಯದಂತೆ ಕ್ಯಾನ್ವಾಸಿಗೆ ಬಳಿದಿರುವ ಲೇಪವನ್ನೂ, ಬಣ್ಣದ ಮೇಲಿನ ಮೇಣವನ್ನೂ ಅದು ಎಬ್ಬಿಸಿಬಿಡುತ್ತದೆ. ಕಾರಿನ ಶಾಂಪೂ ಒಂದು ಮುಚ್ಚಳ ಸಾಕು. “ರೇಸ್ಮೆ ಸೀರೆಗೇ ಅಂಟುವಾಳ ಸಾಕಾಯ್ತದೆ, ನಿನ್ ಜೀಪೇನ್ ಧರ್ಮಾವರದ್ದಾ?” ಎನ್ನುವುದು ಅಮ್ಮನ ವಾದ. ತೆಗೆದುಹಾಕುವಂಥ ವಾದವೇನಲ್ಲ.

ಎಲ್ಲಕ್ಕಿಂತ ನಾಜೂಕು ಹಿಂದಿನ ಪ್ಲಾಸ್ಟಿಕ್ ಕಿಟಕಿ. ಒಣಬಟ್ಟೆ ಒಮ್ಮೆ ಆಡಿಸಿದರೂ ಮುಗಿಯಿತು, ಆಮೇಲೆ ಹಿಂದಿನ ಲಾರಿಯ ಬೆಳಕು ಚಿಂದಿಚಿಂದಿಯಾಗಿ ಕಾಣುತ್ತದೆ. ಧಾರಾಳ ನೀರು ಬಿಟ್ಟು ಅಂಗೈಯಿಂದ ಸವರಿ, ಹಳೇ ಮಲ್ಲುಪಂಚೆಯ ತುಂಡಿನಿಂದ ಒತ್ತಿ ಆರಿಸಬೇಕು. ಇನ್ನು ಹಕ್ಕಿಗಳ ಕಾಟ. ರಾಮದೇವರ ಬೆಟ್ಟದಲ್ಲಿ 2012ರಿಂದ ರಣಹದ್ದುಗಳ ಧಾಮವಿದೆ. ನನ್ನ ಟಾಪಿನ ಮೇಲೆ ಗುರುತು ಬಿಡುವುದು ಮಾತ್ರ ಹೊಂಗೆಯ ಕಾಗೆಗಳೇ. ಆ ಹಿಕ್ಕೆಯನ್ನು ಕೆರೆಯಬಾರದು. ಒದ್ದೆಬಟ್ಟೆ ಹೊದಿಸಿಟ್ಟರೆ ತಾನೇ ಬಿಡುತ್ತದೆ.

ಚಕ್ರ ಕೊನೆಗೆ, ಬೇರೆ ಚಿಂದಿಯಲ್ಲಿ. ನಮ್ಮ ಬೋರ್‌ವೆಲ್ ನೀರು ಗಡಸು, ತಾನೇ ಆರಲು ಬಿಟ್ಟರೆ ಮೈತುಂಬ ಸುಣ್ಣದ ಬೊಟ್ಟು. ಡ್ರಮ್ಮಿನಲ್ಲಿ ಮಳೆನೀರಿದ್ದರೆ ಕೊನೆಯ ಎರಡು ಚೊಂಬು ಅದೇ. ಟಾಪು ಪೂರಾ ಆರುವವರೆಗೆ ಮಡಚುವ ಹಾಗಿಲ್ಲ, ಮಡಚಿದರೆ ಬೂಷ್ಟು. ರಸ್ತೆಗಿಳಿದ ಮೇಲೆ ಬ್ರೇಕನ್ನು ಮೆಲ್ಲಗೆ ಎರಡು ಸಲ ಒತ್ತಿ ಆರಿಸಿಕೊಂಡೇ ವೇಗ ಏರಿಸುವುದು.

ಉಳಿದಿರುವುದು ಆಯುಧಪೂಜೆಯ ತಕರಾರು. ಇಷ್ಟು ನಾಜೂಕಾಗಿ ತೊಳೆದ ಕ್ಯಾನ್ವಾಸಿನ ಹಣೆಗೇ ಅಮ್ಮ ಅರಿಶಿನ ಕುಂಕುಮ ಒತ್ತುತ್ತಾಳೆ. ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆ, ಕುಂಕುಮದ ಬಣ್ಣ ನೇಯ್ಗೆಗೆ ಇಳಿದರೆ ಹೋಗುವ ಮಾತಿಲ್ಲ. “ಗಾಜಿಗೆ ಇಡಮ್ಮ” ಅಂದೆ. “ಗಾಡಿಗ್ ಇಕ್ಕೋ ಕುಂಕ್ಮಾನ ಗಾಜಿಗ್ ಇಕ್ತಾರೇನ್ಲಾ?” ಅಂದಳು. ಕೊನೆಗೆ ಬಂಪರಿಗೆ ಒಪ್ಪಂದವಾಯಿತು. ಬೂದುಗುಂಬಳ ಒಡೆಯುವುದು ಜೀಪಿನಿಂದ ಹತ್ತು ಹೆಜ್ಜೆ ಆಚೆ.