ಮುಳುಗಿದ ಕಾಗಾ ಮತ್ತೆ ತೇಲಿತು

1942ರ ಮೇ ಮೊದಲ ವಾರ. ಹಶಿರಾಜಿಮಾದಲ್ಲಿ ಲಂಗರು ಹಾಕಿದ್ದ ‘ಯಮಾಟೊ’ ಯುದ್ಧನೌಕೆಯಲ್ಲಿ ಜಪಾನಿನ ನೌಕಾಧಿಕಾರಿಗಳು ಅಮೆರಿಕದ ನೆಲೆಯಾದ ಮಿಡ್‌ವೇ ದ್ವೀಪದ ಮೇಲಿನ ಕಾರ್ಯಾಚರಣೆಯನ್ನು ಮೊದಲು ಮೇಜಿನ ಮೇಲೆ ಆಡಿ ನೋಡುತ್ತಿದ್ದರು. ಆಟದಲ್ಲಿ ಮಿಡ್‌ವೇಯಿಂದ ಹಾರಿಬಂದ ಅಮೆರಿಕದ ಬಾಂಬರುಗಳು ಜಪಾನಿನ ವಿಮಾನವಾಹಕಗಳ ಮೇಲೆರಗಿದವು. ಒಕುಮಿಯಾ ಎಂಬ ಅಧಿಕಾರಿ ದಾಳ ಉರುಳಿಸಿ, ಕೋಷ್ಟಕ ನೋಡಿ, ಒಂಬತ್ತು ಬಾಂಬು ತಗುಲಿವೆ ಎಂದ. ಅಕಾಗಿ, ಕಾಗಾ ಎರಡೂ ಮುಳುಗಡೆ. ತೀರ್ಪುಗಾರನ ಕುರ್ಚಿಯಲ್ಲಿದ್ದ ರಿಯರ್ ಅಡ್ಮಿರಲ್ ಉಗಾಕಿ ಒಪ್ಪಲಿಲ್ಲ. ಒಂಬತ್ತಲ್ಲ, ಮೂರೇ ಎಂದುಬಿಟ್ಟ. ಅಕಾಗಿ ಬಚಾವಾಯಿತು. ಕಾಗಾ ಮಾತ್ರ ಮುಳುಗಿತು ಅಂದುಕೊಂಡರೆ, ಮುಂದಿನ ಸುತ್ತಿನ ಆಟಕ್ಕೆ ಅದೂ ಏನೂ ಆಗದ ಹಾಗೆ ಬಂದು ನಿಂತಿತು! ಒಕುಮಿಯಾ ಮುಂದೆ ಇನ್ನೊಬ್ಬ ನೌಕಾಧಿಕಾರಿ ಫುಚಿದಾ ಜೊತೆ ಸೇರಿ ಬರೆದ ಪುಸ್ತಕದಲ್ಲಿ ಇದೆಲ್ಲ ಇದೆ.

ಈ ಲೇಖಕನ ಭಾವಮೈದನಿಗೆ ಈ ಕಥೆ ಬಾಯಿಪಾಠ. ಬೆಂಗಳೂರಿನ ಭಾವನಾದ ಲೇಖಕ ಜಪಾನು, ಮೈಸೂರಿನ ಭಾವಮೈದ ಮಿತ್ರಪಕ್ಷ. ಇಬ್ಬರೂ ಆಡುವುದು 2009ರಲ್ಲಿ ಬಂದ ‘ವಾರ್ ಇನ್ ದ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್’ ಎಂಬ ಕಂಪ್ಯೂಟರ್ ಆಟ. 1941ರ ಡಿಸೆಂಬರ್ 7ರಿಂದ ಶುರು, ಒಂದು ಸರದಿ ಅಂದರೆ ಯುದ್ಧದ ಒಂದು ದಿನ. ದಿನ ತಪ್ಪದೆ ಆಡಿದರೂ ಯುದ್ಧ ಮುಗಿಯಲು ಆಗ ಹಿಡಿದಷ್ಟೇ ವರ್ಷ ಹಿಡಿಯುತ್ತದೆ. ಎಣ್ಣೆ ಹಡಗು ಎಲ್ಲಿದೆ, ಯಾವ ಪೈಲಟ್ ದಣಿದಿದ್ದಾನೆ ಎಂಬುದನ್ನೆಲ್ಲ ಆಡುವವನೇ ನೋಡಿಕೊಳ್ಳಬೇಕು. ಲೇಖಕನ ಹೆಂಡತಿ ಇದನ್ನು ಆಟ ಎಂದು ಒಪ್ಪುವುದಿಲ್ಲ, ಗುಮಾಸ್ತಗಿರಿ ಎನ್ನುತ್ತಾಳೆ.

ನಕ್ಷೆಯಲ್ಲಿ ಭಾರತವೂ ಇದೆ, ಬೆಂಗಳೂರೂ ಇದೆ. ಸಿಂಹಳ ಗೆದ್ದು ಮದ್ರಾಸಿನ ಕಡೆ ಹಡಗು ತಿರುಗಿಸುವ ಆಸೆ ಜಪಾನಿನ ಪಾಳಿ ಆಡುವ ಯಾರಿಗಾದರೂ ಒಮ್ಮೆ ಬಂದೇ ಬರುತ್ತದೆ. “ಏನ್ ಭಾವ, ನಿಮ್ಮ ಮನೆ ಮೇಲೆ ನೀವೇ ಬಾಂಬ್ ಹಾಕ್ಸ್ತೀರಾ?” ಎಂದು ಭಾವಮೈದ ಫೋನಿನಲ್ಲಿ ನಕ್ಕಿದ್ದ. ತಮಾಷೆ ಪೂರ್ತಿ ಹುರುಳಿಲ್ಲದ್ದಲ್ಲ. 1942ರ ಏಪ್ರಿಲ್ 6ರಂದು ಜಪಾನಿನ ಬಾಂಬು ವಿಶಾಖಪಟ್ಟಣ, ಕಾಕಿನಾಡದ ಮೇಲೆ ನಿಜವಾಗಿಯೇ ಬಿದ್ದಿತ್ತು. ಮೈಸೂರು ಸರ್ಕಾರದ ಜೊತೆ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ವಿಮಾನ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳ ರಿಪೇರಿ ಕೇಂದ್ರವಾಗಿತ್ತು. ನೀರಿನ ಮೇಲಿಳಿಯುವ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಗೆ ಬರುತ್ತಿದ್ದವು.

ಆಟದ ಒಂದು ಏರ್ಪಾಟು ಮಾತ್ರ ಇಬ್ಬರ ನಂಬಿಕೆಯ ಮೇಲೇ ನಿಂತಿದೆ. ಇಬ್ಬರ ಆದೇಶಗಳೂ ಒಂದೇ ಫೈಲಿಗೆ ಸೇರಿದ ಮೇಲೆ ದಿನದ ಕದನವನ್ನು ನಡೆಸುವುದು ಜಪಾನಿನ ಪಾಳಿಯವನ ಕಂಪ್ಯೂಟರು. ಮಲಗುವ ಹೊತ್ತಿಗೆ ಗುಂಡಿ ಒತ್ತಿದರೆ ಪರದೆಯ ಮೇಲೆ ಪುಟ್ಟ ಹಡಗಿನ ಚಿತ್ರ, ಅದರ ಜೊತೆ ಒಂದೊಂದೇ ಸಾಲು: ಬಾಂಬು ತಗುಲಿತು, ಬೆಂಕಿ ಹತ್ತಿತು, ಮತ್ತೊಂದು ತಗುಲಿತು. ಹಳೆಯ ಫೈಲು ಹಾಗೇ ಕೂತಿರುತ್ತದೆ. ಇನ್ನೊಮ್ಮೆ ಗುಂಡಿ ಒತ್ತಿದರೆ ಹಡಗು ಉಳಿಯಲೂಬಹುದು, ಮೈಸೂರಿಗೆ ಸುಳಿವೂ ಸಿಗುವುದಿಲ್ಲ. ಉಗಾಕಿ ಕೂತ ಕುರ್ಚಿ ಅದು.

ಉಗಾಕಿಯ ಪರವಾಗಿಯೂ ಒಂದು ಮಾತಿದೆ. ಜೂನ್ 4ರ ನಿಜವಾದ ಕಾಳಗದಲ್ಲಿ ಮಿಡ್‌ವೇಯಿಂದ ಹಾರಿದ ವಿಮಾನಗಳ ಒಂದು ಬಾಂಬೂ ಜಪಾನಿನ ವಿಮಾನವಾಹಕಗಳಿಗೆ ತಗುಲಲಿಲ್ಲ. ಒಂಬತ್ತು ಎಂಬುದು ಅತಿಯಾಗಿತ್ತು. ಅಕಾಗಿ, ಕಾಗಾ, ಸೋರ್ಯು, ಹಿರ್ಯು ನಾಲ್ಕನ್ನೂ ಕೆಡವಿದ್ದು ಅಮೆರಿಕದ ವಿಮಾನವಾಹಕಗಳಿಂದ ಬಂದ ಡೈವ್ ಬಾಂಬರುಗಳು. ಲೆಕ್ಕ ತಿದ್ದಿದ್ದನ್ನು ಈ ಲೇಖಕ ಕ್ಷಮಿಸಿಯಾನು. ಮುಳುಗಿದ್ದನ್ನು ಎತ್ತಿ ಮತ್ತೆ ಮೇಜಿಗಿಟ್ಟದ್ದನ್ನು ಕ್ಷಮಿಸಲಾರ. ಮುಳುಗಿದ್ದು ಮುಳುಗಿಯೇ ಇದ್ದಿದ್ದರೆ, ಉಳಿದದ್ದರಲ್ಲಿ ಕಾಯುವುದು ಹೇಗೆಂದು ಯಾರಾದರೂ ಯೋಚಿಸುತ್ತಿದ್ದರೇನೋ.

ಕಾಯುವುದೇ ಜಪಾನಿನ ಪಾಳಿಯ ನಿಜವಾದ ಆಟ. ಮೊದಲ ಆರು ತಿಂಗಳ ದಿಗ್ವಿಜಯ ಯಾರಾದರೂ ಮಾಡುತ್ತಾರೆ. ಆಮೇಲೆ ಜಪಾನಿನ ದೊಡ್ಡ ನೆಲೆ ರಬೌಲ್ ಕಣ್ಣೆದುರು ಬರುತ್ತದೆ: ಸುಮಾರು ಒಂದು ಲಕ್ಷ ಸೈನಿಕರು, ಸುರಂಗ, ಫಿರಂಗಿ, ಎಲ್ಲ ಇತ್ತು. ಮಿತ್ರಪಕ್ಷ ಅದನ್ನು ಮುಟ್ಟದೆ ಸುತ್ತಿಬಳಸಿ ಮುಂದೆ ಹೋಯಿತು. ಉಳಿದವರು 1945ರವರೆಗೆ ಅಲ್ಲೇ ಕೂತು ಶರಣಾದರು. ಇವೊ ಜಿಮಾ ದ್ವೀಪ ಹಾಗಲ್ಲ. ಮರಿಯಾನಾ ದ್ವೀಪಗಳಿಂದ ಟೋಕಿಯೊಗೆ ಹಾರುವ ಬಿ-29 ಬಾಂಬರುಗಳ ದಾರಿಯಲ್ಲೇ ಇತ್ತು, ಶತ್ರು ಬಾರದೆ ವಿಧಿಯಿರಲಿಲ್ಲ. ಅಲ್ಲಿನ ಸೇನಾಪತಿ ಕುರಿಬಯಾಶಿ ದಡದಲ್ಲೇ ಸೆಣಸುವ ಹಳೆಯ ಪಾಠ ಬಿಟ್ಟ, ಕೂಗುತ್ತ ನುಗ್ಗಿ ಸಾಯುವುದನ್ನು ನಿಷೇಧಿಸಿದ, ಮಣ್ಣಿನಡಿ ಮೈಲುಗಟ್ಟಲೆ ಸುರಂಗ ತೋಡಿಸಿದ. 1945ರ ಫೆಬ್ರುವರಿ 19ಕ್ಕೆ ಇಳಿದ ಅಮೆರಿಕನ್ನರಿಗೆ ಕೆಲವೇ ದಿನದ ಕೆಲಸ ಅನ್ನಿಸಿದ್ದು 36 ದಿನ ಎಳೆಯಿತು. ಸುಮಾರು 21,000 ರಕ್ಷಕರಲ್ಲಿ ಬಹುತೇಕ ಎಲ್ಲರೂ ಸತ್ತರು. ಅಮೆರಿಕದ ಕಡೆ 6,800ರಷ್ಟು. ಆಟದಲ್ಲಿ ಇದನ್ನು ಜಾಣತನ ಎಂದು ಹೊಗಳುವಾಗ ಆ ಸಂಖ್ಯೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಈಗಿನ ಜಗಳ ಮೀನುದೋಣಿಗಳದು. ಲೇಖಕ ತನ್ನ ರಕ್ಷಣಾರೇಖೆಯ ಮುಂದೆ ಚಿಕ್ಕಪುಟ್ಟ ದೋಣಿಗಳನ್ನು ಸಮುದ್ರದ ತುಂಬ ಹರಡಿದ್ದಾನೆ. ಭಾವಮೈದನ ವಿಮಾನಗಳು ಅವುಗಳ ಮೇಲೆ ಬಾಂಬು ಖರ್ಚು ಮಾಡಿ ಸುಸ್ತಾಗುತ್ತವೆ. ಮೋಸ ಎನ್ನುತ್ತಾನೆ ಅವನು. ಲೇಖಕನ ವಾದ: 1942ರ ಏಪ್ರಿಲ್ 18ರಂದು ಅಮೆರಿಕದ ಡೂಲಿಟಲ್ ಬಾಂಬರ್ ತಂಡ ಟೋಕಿಯೊ ಕಡೆ ಬರುತ್ತಿರುವುದನ್ನು ಮೊದಲು ಕಂಡದ್ದು ಇಂಥದೇ ಕಾವಲು ದೋಣಿ, ‘ನಿತ್ತೊ ಮಾರು’. ಅದರಿಂದಾಗಿಯೇ 16 ವಿಮಾನಗಳು ಎಣಿಸಿದ್ದಕ್ಕಿಂತ ಬಹಳ ದೂರದಿಂದ ಹಾರಬೇಕಾಯಿತು. 1944ರಲ್ಲಿ ಲೇಟೆ ಕಾಳಗದಲ್ಲಿ ಜಪಾನಿನ ಅಡ್ಮಿರಲ್ ಓಜಾವಾ ವಿಮಾನಗಳೇ ಸರಿಯಾಗಿಲ್ಲದ ವಿಮಾನವಾಹಕಗಳನ್ನು ತೋರಿಸಿ ಅಮೆರಿಕದ ಅಡ್ಮಿರಲ್ ಹಾಲ್ಸಿಯನ್ನು ಉತ್ತರಕ್ಕೆ ಎಳೆದುಕೊಂಡು ಹೋದ. ಎದುರಾಳಿಗೆ ಮಂಕುಬೂದಿ ಎರಚುವುದು ಆಟದೊಳಗಿನದು, ದಾಳಕ್ಕೆ ಎರಚುವುದು ಹೊರಗಿನದು.

“ನಿತ್ತೊ ಮಾರು ಕಾವಲಿಗಿತ್ತು ಭಾವ, ನಿಮ್ಮವು ಬಾಂಬ್ ತಿನ್ನೋಕೆ ಇವೆ,” ಎಂದ ಅವನು. ಅದೂ ಸುಳ್ಳಲ್ಲ. ಒಂದು ಸಮುದ್ರವಲಯಕ್ಕೆ ಹತ್ತೇ ದೋಣಿ ಎಂಬ ಅವನ ತಿದ್ದುಪಡಿ ಮೊನ್ನೆ ಬಂದಿದೆ. ಲೇಖಕ ಇಪ್ಪತ್ತು ಕೇಳಿದ್ದಾನೆ.