ಹಳೆಯ ಎಂಜಿನ್ನಿಗೆ ಹೊಸ ಮಿದುಳು

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಒಂದು ಹುಚ್ಚು ಬೇಕೆಂದು ತಿಳಿದವರು ಹೇಳುತ್ತಾರೆ. ಕೆಲವರು ಭಜನಾ ಮಂಡಳಿ ಸೇರುತ್ತಾರೆ. ಕೆಲವರು ಕುಂಡಗಳಲ್ಲಿ ಗುಲಾಬಿ ಬೆಳೆಸುತ್ತಾರೆ. ಇನ್ನು ಕೆಲವರು ಹೌಸಿಂಗ್ ಸೊಸಾಯಿಟಿಯ ಕಾರ್ಯದರ್ಶಿಗಳಾಗಿ ಉಳಿದವರ ತಲೆ ತಿನ್ನುತ್ತಾರೆ. ನನ್ನದು ಮಾದರಿ ರೈಲಿನ ಹುಚ್ಚು. ನಿಜವಾದ ಗಾಡಿಯನ್ನು 87 ಪಟ್ಟು ಕುಗ್ಗಿಸಿದರೆ ಎಷ್ಟಾಗುತ್ತದೋ ಅಷ್ಟು ಗಾತ್ರದ ಗಾಡಿಗಳು, 16.5 ಮಿಲಿಮೀಟರ್ ಅಗಲದ ಹಳಿ. ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿ ರೈಲಿಗೆ ಜಾಗವೆಲ್ಲಿ ಎಂದು ನೀವು ಕೇಳಬಹುದು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆಯನ್ನು ಬಿಜಾಗರಿಯಿಂದ ಗೋಡೆಗೆ ಜೋಡಿಸಿದ್ದೇನೆ. ರವಿವಾರ ಇಳಿಯುತ್ತದೆ, ಊಟದ ಹೊತ್ತಿಗೆ ಮೇಲೇರುತ್ತದೆ.

ಹಲಗೆಯ ಮೇಲಿರುವುದು ನಮ್ಮ ಸೀಮೆಯ ದಾರಿ: ಲೋಂಡಾ, ಅಳ್ನಾವರ, ಧಾರವಾಡ, ಹುಬ್ಬಳ್ಳಿ. ನಾಲ್ಕು ನಿಲ್ದಾಣಕ್ಕೂ ಹಳದಿ ಬಣ್ಣದ ಫಲಕ ಮಾಡಿ ಕನ್ನಡದಲ್ಲಿ ಹೆಸರು ಬರೆದಿದ್ದೇನೆ. ಜರ್ಮನಿಯ ಎಂಜಿನ್ನುಗಳು ಧಾರವಾಡದಲ್ಲಿ ನಿಲ್ಲುವುದನ್ನು ಕಂಡರೆ ರೈಲ್ವೆ ಮಂಡಳಿಯವರು ಏನೆನ್ನುತ್ತಾರೋ ತಿಳಿಯದು. ಆದರೆ ಮಗಳ ಮಗ, ಏಳು ವರ್ಷದವನು, ಕನ್ನಡ ಅಕ್ಷರ ಓದಲು ಕಲಿಯುತ್ತಿರುವುದು ಈ ಫಲಕಗಳಿಂದಲೇ. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ ಹಿಂದಿ. ಅವನಿಗೆ ಕನ್ನಡ ಸಿಗುವ ಸ್ಥಳ ಇದೊಂದೇ ಹಲಗೆ.

ಈಗ ತಲೆನೋವಿನ ವಿಷಯಕ್ಕೆ ಬರುತ್ತೇನೆ. ಹಿಂದೆ ಮಾದರಿ ರೈಲಿನ ಹಳಿಗೆ ಹನ್ನೆರಡು ವೋಲ್ಟಿನವರೆಗೆ ನೇರ ವಿದ್ಯುತ್ ಕೊಡುತ್ತಿದ್ದರು. ಹೆಚ್ಚು ಕೊಟ್ಟರೆ ವೇಗ, ಕಡಿಮೆ ಕೊಟ್ಟರೆ ನಿಧಾನ, ತಿರುಗಿಸಿ ಕೊಟ್ಟರೆ ಹಿಂದಕ್ಕೆ. ಹಳಿಯ ಮೇಲೆ ಎರಡು ಎಂಜಿನ್ ಇದ್ದರೆ ಎರಡೂ ಓಡುತ್ತವೆ. ವಠಾರದಲ್ಲಿ ನಿಂತು "ಊಟಕ್ಕೆ ಬಾರೋ" ಎಂದು ಕೂಗಿದರೆ ಎಲ್ಲ ಮನೆಯ ಹುಡುಗರೂ ಓಡಿ ಬಂದಂತೆ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಲೆನ್ಸ್ ಎಂಬವರು ಬೆಳೆಸಿದ ಡಿಜಿಟಲ್ ಪದ್ಧತಿಯನ್ನು ಆಧರಿಸಿ, 1990ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಶನ್ ಒಂದು ಸಾಮಾನ್ಯ ನಿಯಮ ಮಾಡಿತು. ಅದರಂತೆ ಹಳಿಯಲ್ಲಿ ವಿದ್ಯುತ್ತು ಸದಾ ಪೂರ್ಣವಾಗಿಯೇ ಇರುತ್ತದೆ. ಅದರ ಮಿಡಿತದಲ್ಲಿಯೇ ಅಪ್ಪಣೆ ಅಡಗಿರುತ್ತದೆ. ಅರೆಮಿಡಿತ 58 ಮೈಕ್ರೋಸೆಕೆಂಡ್ ಇದ್ದರೆ ಒಂದು, 100 ಇದ್ದರೆ ಸೊನ್ನೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಬೆರಳುಗುರಿನಷ್ಟು ದೊಡ್ಡ ಡಿಕೋಡರ್. ಅದು ತನ್ನ ನಂಬರು ಕೇಳಿದರೆ ಮಾತ್ರ ಓಗೊಡುತ್ತದೆ. ಕಾರಖಾನೆಯಿಂದ ಹೊಸದಾಗಿ ಬಂದವುಗಳ ನಂಬರು ಸಾಮಾನ್ಯವಾಗಿ 3. ಹುಟ್ಟಿದ ಮಕ್ಕಳಿಗೆಲ್ಲ ನಾಮಕರಣದ ತನಕ 'ಪುಟ್ಟ' ಎಂದೇ ಹೆಸರಿರುವಂತೆ.

ನನ್ನ ನಾಲ್ಕು ಎಂಜಿನ್ನುಗಳಿಗೆ 2004ರಲ್ಲಿ ಹಾಕಿಸಿದ ಡಿಕೋಡರುಗಳಿವೆ. ಸತ್ತಿಲ್ಲ, ಕೆಟ್ಟಿಲ್ಲ. ಆದರೆ ಹೊರಡುವಾಗ ಜಗ್ಗುತ್ತವೆ, ನಿಧಾನವಾಗಿ ನಡೆಸಿದರೆ ಜೀರುಂಡೆಯಂತೆ ಗುಂಯ್ ಎನ್ನುತ್ತವೆ, ಅಳ್ನಾವರದ ಪಾಯಿಂಟಿನ ಮೇಲೆ ನಿಂತೇ ಬಿಡುತ್ತವೆ. ಗಾಡಿ ಮೂರು ಸಲ ನಿಂತರೆ ಮೊಮ್ಮಗ ನಾಲ್ಕನೆಯ ಸಲ ನೋಡುವುದಿಲ್ಲ. ಅವನ ಕೈ ತಾಯಿಯ ಫೋನಿಗೆ ಹೋಗುತ್ತದೆ. ಅಲ್ಲಿಗೆ ಆ ರವಿವಾರದ ಕನ್ನಡವೂ ಮುಗಿಯಿತು.

ಹೊಸ ಡಿಕೋಡರು ಇದನ್ನು ಹೇಗೆ ಸರಿಪಡಿಸುತ್ತದೆ? ಹಳೆಯದು ಮೋಟಾರಿಗೆ ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ವಿದ್ಯುತ್ತಿನ ಹೊಡೆತ ಕೊಡುತ್ತದೆ, ಗುಂಯ್‌ಗುಟ್ಟುವುದು ಅದೇ. ಹೊಸದು 16,000ಕ್ಕೂ ಹೆಚ್ಚು ಸಲ ಕೊಡುತ್ತದೆ. ನನ್ನ ವಯಸ್ಸಿನ ಕಿವಿಗೆ ಅದು ನಿಲುಕದು. ಎರಡನೆಯದಾಗಿ, ಅದು ನಡುನಡುವೆ ಕ್ಷಣಮಾತ್ರ ವಿದ್ಯುತ್ ನಿಲ್ಲಿಸಿ ಮೋಟಾರಿನ ನಾಡಿ ನೋಡುತ್ತದೆ. ತಿರುಗುತ್ತಿರುವ ಮೋಟಾರು ಆ ಕ್ಷಣ ತಾನೇ ಜನರೇಟರಿನಂತೆ ಸ್ವಲ್ಪ ವಿದ್ಯುತ್ ಹುಟ್ಟಿಸುತ್ತದಲ್ಲ, ಅದನ್ನು ಅಳೆದು ವೇಗ ತಿಳಿದುಕೊಂಡು, ಏರಿನಲ್ಲಿ ಹೆಚ್ಚು, ಇಳಿಜಾರಿನಲ್ಲಿ ಕಡಿಮೆ ಶಕ್ತಿ ಕೊಡುತ್ತದೆ. ಮೂರನೆಯದಾಗಿ, ಪಕ್ಕದಲ್ಲೊಂದು ಕೆಪ್ಯಾಸಿಟರ್ ಕೂಡಿಸಿದರೆ ಹಳಿಯ ಸಂಪರ್ಕ ತಪ್ಪಿದರೂ ಎಂಜಿನ್ ತುಸು ದೂರ ನಡೆಯುತ್ತದೆ. ನಮ್ಮ ಈ ತೇವದ ಹವೆಯಲ್ಲಿ, ಮಳೆಗಾಲದಲ್ಲಂತೂ, ಹಳಿಗೆ ವಾರದಲ್ಲೇ ಮಂಕು ಹಿಡಿಯುವುದರಿಂದ ಇದು ದೊಡ್ಡ ಅನುಕೂಲ.

ಖರ್ಚು? ಸಾದಾ ಡಿಕೋಡರಿಗೆ ಮೂರು ನಾಲ್ಕು ಸಾವಿರ ರೂಪಾಯಿ, ಮೇಲೆ ಸುಂಕ. ಉಗಿ ಬಿಡುವ, ಸಿಳ್ಳು ಹಾಕುವ ಶಬ್ದದ ಡಿಕೋಡರಿಗೆ ಹತ್ತು ಸಾವಿರ ದಾಟುತ್ತದೆ. ಇದನ್ನು ಕೇಳಿ ನಮ್ಮ ಮನೆಯಾಕೆ, "ಎಂಜಿನ್ನಿಗೆ ಹತ್ತು ಸಾವಿರದ ಗಂಟಲಾ? ಮೂಗಿಗಿಂತ ಮೂಗುತಿ ಭಾರ ಆತು ನೋಡ್ರಿ" ಎಂದಳು. ಶಬ್ದದ ಪ್ರಶ್ನೆ ಅಲ್ಲಿಗೇ ಇತ್ಯರ್ಥವಾಯಿತು.

ಉಳಿದದ್ದು ಅಣ್ಣನ ಎಂಜಿನ್. ಅಣ್ಣ ಹಡಗಿನಲ್ಲಿ ಕೆಲಸದಲ್ಲಿದ್ದ. 1976ರಲ್ಲಿ ಹ್ಯಾಂಬರ್ಗಿನಿಂದ ಒಂದು ಕಪ್ಪು ಉಗಿ ಎಂಜಿನ್ ತಂದುಕೊಟ್ಟ. ನನ್ನ ಹುಚ್ಚಿಗೆ ಅದೇ ಬೀಜ. ಅವನು ತೀರಿಕೊಂಡು ಹನ್ನೊಂದು ವರ್ಷವಾಯಿತು. ಆ ಎಂಜಿನ್ನಿಗೆ ಡಿಕೋಡರೇ ಇಲ್ಲ. ಹಳೆಯ ನೇರ ವಿದ್ಯುತ್ತಿನದು. ಉಳಿದ ನಾಲ್ಕರ ಜೊತೆಗೆ ಅದನ್ನೂ ಹೊಸ ಪಂಗಡಕ್ಕೆ ಸೇರಿಸಿಬಿಡೋಣ ಎಂದು ಮೇಲ್ಕವಚ ಬಿಚ್ಚಿದೆ.

ಅದರ ಮೋಟಾರಿನ ಎರಡು ಕಾರ್ಬನ್ ಬ್ರಶ್ಶುಗಳಲ್ಲಿ ಒಂದು ಲೋಹದ ಚೌಕಟ್ಟಿಗೇ ಕೂಡಿಕೊಂಡಿದೆ. ಡಿಕೋಡರ್ ಹಾಕುವುದಾದರೆ ಎರಡು ಬ್ರಶ್ಶೂ ಹಳಿಯಿಂದ ಪೂರ್ತಿ ಬೇರೆಯಾಗಬೇಕು. ಇಲ್ಲವಾದರೆ ಡಿಕೋಡರ್ ಸುಟ್ಟುಹೋಗುತ್ತದೆ. ಆ ಬ್ರಶ್ಶನ್ನು ಒತ್ತಿ ಹಿಡಿದ ಸ್ಪ್ರಿಂಗನ್ನು ತೆಗೆಯಬೇಕು, ಚೌಕಟ್ಟನ್ನು ಒಂದೆಡೆ ಕೊರೆಯಬೇಕು. ಸ್ಪ್ರಿಂಗ್ ನೋಡಿದರೆ ಬಾಲ್‌ಪೆನ್ನಿನದು! ಮೂಲದ್ದು ಮುರಿದಾಗ ಅಣ್ಣ ತನ್ನ ಪೆನ್ನಿನ ಸ್ಪ್ರಿಂಗನ್ನು ಕತ್ತರಿಸಿ ಅಲ್ಲಿ ಕೂಡಿಸಿದ್ದ. ಅದೇ ಇಂದಿಗೂ ನಡೆಸುತ್ತಿದೆ.

ಇಕ್ಕಳ ಕೆಳಗಿಟ್ಟು ಮುಲುಂಡಿನಲ್ಲಿರುವ ವೈನಿಗೆ ಫೋನು ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: "ಅವರು ಅದನ್ನ ಓಡಸ್ಲಿಕ್ಕೆ ತಂದಿದ್ರು, ಕಪಾಟಿನ್ಯಾಗ ಇಡ್ಲಿಕ್ಕಲ್ಲ. ಓಡಸು. ಆದ್ರ ಅವರು ಹಾಕಿದ್ದನ್ನ ತಗೀಬ್ಯಾಡ."

ಈ ಪೇಚು ನನಗೊಬ್ಬನಿಗೇ ಬಂದದ್ದಲ್ಲ. ಮುಂಬಯಿಯಲ್ಲಿ 1925ರಿಂದ ವಿದ್ಯುತ್ ಗಾಡಿಗಳು 1,500 ವೋಲ್ಟಿನ ನೇರ ವಿದ್ಯುತ್ತಿನಲ್ಲಿ ಓಡುತ್ತಿದ್ದವು. ಅದು 25,000 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಬದಲಾಗುವುದು ಪಶ್ಚಿಮ ರೈಲ್ವೆಯಲ್ಲಿ 2012ರಲ್ಲಿ, ಮಧ್ಯ ರೈಲ್ವೆಯ ಹಾರ್ಬರ್ ಮಾರ್ಗದಲ್ಲಿ 2016ರಲ್ಲಿ ಮುಗಿಯಿತು. ನಡುವಿನ ಕಾಲದಲ್ಲಿ ಎರಡೂ ಬಗೆಯ ವಿದ್ಯುತ್ತಿಗೆ ಒಗ್ಗುವ ಡಬ್ಲ್ಯೂಸಿಎಎಂ ಜಾತಿಯ ಎಂಜಿನ್ನುಗಳು ದಾಟಿಸಿದವು. ದೊಡ್ಡ ರೈಲ್ವೆಯೇ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಬದಲಿಸಲಿಲ್ಲ; ನನಗೇನು ಅವಸರ?

ಹಾಗಾಗಿ ಹೀಗೆ ತೀರ್ಮಾನಿಸಿದೆ. ಮೊದಲು ಹಳಿಗಳನ್ನೂ ಚಕ್ರಗಳನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ, ಗಿಯರುಗಳಿಗೆ ಹೊಸ ಎಣ್ಣೆ ಬಿಟ್ಟೆ. ಕಾಯಿಲೆಯಲ್ಲಿ ಅರ್ಧ ಕೊಳೆಯದೇ ಆಗಿತ್ತು. ಎರಡು ಎಂಜಿನ್ನುಗಳು ಅಷ್ಟಕ್ಕೇ ಗುಣವಾದವು. ಅವುಗಳ ಹಳೆಯ ಡಿಕೋಡರುಗಳು ಹಾಗೆಯೇ ಇರಲಿ. ಒಂದೇ ನಿಯಮಕ್ಕೆ ಒಳಪಟ್ಟಿರುವುದರಿಂದ ಹಳೆಯದೂ ಹೊಸದೂ ಒಂದೇ ಹಳಿಯ ಮೇಲೆ ಜಗಳವಿಲ್ಲದೆ ಬಾಳುತ್ತವೆ. ಈ ಪದ್ಧತಿಯ ದೊಡ್ಡಸ್ತಿಕೆಯೇ ಅದು. ಉಳಿದೆರಡಕ್ಕೆ ಎಂಟು ಕಾಲಿನ ಸಾಕೆಟ್ ಮೊದಲೇ ಇದೆ, ಬೆಸುಗೆಯ ಕೆಲಸವಿಲ್ಲ. ಮೋಟಾರನ್ನು ತಡೆದು ಹಿಡಿದಾಗ ಎಷ್ಟು ಕರೆಂಟು ಎಳೆಯುತ್ತದೆಂದು ಅಳೆದು, ಒಂದು ಆಂಪಿಯರ್ ತಾಳುವ ಸಾದಾ ಡಿಕೋಡರು, ಕೆಪ್ಯಾಸಿಟರು ತರಿಸಿದೆ.

ಅಣ್ಣನ ಎಂಜಿನ್ನಿಗೆ ಡಿಕೋಡರ್ ಬೇಡ. ಕೆಲವು ಡಿಜಿಟಲ್ ನಿಯಂತ್ರಕಗಳಲ್ಲಿ ಸೊನ್ನೆ ನಂಬರಿನಿಂದ ಅಂಥದನ್ನೂ ಓಡಿಸಬಹುದು; ಆದರೆ ನಿಂತಾಗಲೂ ಮೋಟಾರು ಬಿಸಿಯಾಗುತ್ತದೆ. ಅದಕ್ಕೆ ಹೊರಸುತ್ತಿನ ಹಳಿಯ ಎರಡು ಪಟ್ಟಿಗಳನ್ನೂ ಉಳಿದ ಹಳಿಯಿಂದ ಬೇರ್ಪಡಿಸಿ, ಒಂದು ಸ್ವಿಚ್ಚಿನ ಮೂಲಕ ಹಳೆಯ ಕಂಟ್ರೋಲರಿಗೆ ಜೋಡಿಸಿದ್ದೇನೆ. ಅದು ಓಡುವಾಗ ಉಳಿದವು ಆ ಸುತ್ತಿನಿಂದ ಇಳಿಯಬೇಕು, ಅಷ್ಟೆ. ಹಿರಿಯರು ಬಂದಾಗ ಕುರ್ಚಿ ಬಿಟ್ಟು ಏಳುವುದು ನಮ್ಮಲ್ಲಿ ಹೊಸತೇನಲ್ಲ.

ಹೊಸ ಡಿಕೋಡರ್ ಕೂತ ಮೊದಲ ಗಾಡಿ ಅಳ್ನಾವರಕ್ಕೆ ಇರುವೆಯ ನಡಿಗೆಯಲ್ಲಿ ಬಂತು. ಮೊಮ್ಮಗ ಫಲಕದ ಮುಂದೆ ಬಗ್ಗಿ, 'ಳ'ದ ಕೆಳಗಿನ 'ನ' ಒತ್ತನ್ನು ಬೆರಳಿಟ್ಟು ಕೂಡಿಸಿ ಓದಿದ. ಈಗ ಅವನಿಗೆ ಇನ್ನೂ ಉದ್ದದ ಹೆಸರು ಬೇಕಂತೆ. ಅಳ್ನಾವರ ಧಾರವಾಡಗಳ ನಡುವೆ ಕಂಬಾರಗಣವಿ ಇದೆ. ಫಲಕ ಬರೆಯುತ್ತಿದ್ದೇನೆ, ಪ್ಲ್ಯಾಟ್‌ಫಾರ್ಮಿಗಿಂತ ಅದೇ ಉದ್ದವಾಗುವಂತೆ ಕಾಣುತ್ತದೆ.